ಚಪ್ಪಲಿ ಮೆಟ್ಟಿದ ಮೇಲಿನ ಮಾತು

"ಹೇಗಿದ್ದೀರಿ?" ಎಂಬ ಪ್ರಶ್ನೆಗೆ ನಿಜವಾದ ಉತ್ತರ ಕೊಡುವವರು ಅಪರೂಪ. ಕೊಡಲು ಹೊರಟರೆ ಕೇಳಿದವರು ಅಲ್ಲಿ ನಿಲ್ಲುವುದಿಲ್ಲ. ನಮ್ಮ ಮೈಸೂರು ಕಡೆ "ಏನೋ, ಹೀಗಿದೀವಿ ನೋಡಿ" ಎಂದರೆ ಮುಗಿಯಿತು. ಹೇಗೆ ಎಂಬುದನ್ನು ಎದುರಿನವರೇ ನೋಡಿಕೊಳ್ಳಬೇಕು. ಧಾರವಾಡದವರು "ಆರಾಮ್ ಅದೀರಿ?" ಎನ್ನುತ್ತಾರೆ. 102 ಡಿಗ್ರಿ ಜ್ವರ ಇದ್ದವನೂ ಕಂಬಳಿಯೊಳಗಿಂದಲೇ "ಆರಾಮ್ ರೀ" ಅಂದುಬಿಡುತ್ತಾನೆ. ಮಂಗಳೂರು ಕಡೆಯವರದ್ದು "ಎಂತ ವಿಶೇಷ?" ಎಂಬ ವಿಚಾರಣೆ. ಮಗನಿಗೆ ಹೆಣ್ಣು ನಿಶ್ಚಯವಾಗಿ, ಹಾಲ್ ಬುಕ್ಕಾಗಿ, ಕಾರ್ಡು ಪ್ರಿಂಟಿಗೆ ಹೋಗಿದ್ದರೂ ಉತ್ತರ "ಎಂತದ್ದೂ ಇಲ್ಲ ಮಾರಾಯ್ರೆ" ಎಂದೇ.

ಇದಕ್ಕಿಂತ ಸೂಕ್ಷ್ಮದ್ದು ಊಟದ ಪ್ರಶ್ನೆ. ಒಂಬತ್ತು ಗಂಟೆಗೆ "ತಿಂಡಿ ಆಯ್ತಾ?", ಒಂದೂವರೆಗೆ "ಊಟ ಆಯ್ತಾ?", ನಾಲ್ಕಕ್ಕೆ "ಕಾಫಿ ಆಯ್ತಾ?" ಎಂದು ಗಡಿಯಾರ ನೋಡಿ ಕೇಳಬಹುದು. ಬೆಳಿಗ್ಗೆ ಹನ್ನೊಂದೂಕಾಲಕ್ಕೆ ಎದುರು ಸಿಕ್ಕವರನ್ನು ಏನೆಂದು ಕೇಳುವುದು? ತಿಂಡಿ ಎಂದರೆ ಇಷ್ಟು ಹೊತ್ತಾದರೂ ನಿಮ್ಮ ಮನೆಯಲ್ಲಿ ಒಲೆ ಹಚ್ಚಿಲ್ಲವೇ ಎಂದಂತಾಗುತ್ತದೆ, ಊಟ ಎಂದರೆ ನಮಗೇ ಹಸಿವು ತಡೆಯದೇನೋ ಎಂದುಕೊಂಡಾರು. ಆ ಹೊತ್ತಿಗೆಂದೇ ನಮ್ಮ ಬೀದಿಯವರು ಒಂದು ಪ್ರಶ್ನೆ ಇಟ್ಟುಕೊಂಡಿದ್ದಾರೆ. "ಹೊರಗಡೆ ಹೊರಟ್ರಾ?" ಇದನ್ನು ಕೇಳುವುದು ಹೊರಗಡೆಯೇ, ನಡುಬೀದಿಯಲ್ಲಿ, ಕೈಯಲ್ಲಿ ಚೀಲ ಹಿಡಿದು ನಿಂತವನನ್ನು. ಅವನೂ "ಹ್ಞೂಂ, ಹೀಗೇ ಒಂಚೂರು" ಎಂದು ಮುಂದೆ ಹೋಗುತ್ತಾನೆ. ಎಲ್ಲಿಗೆ, ಯಾಕೆ, ಯಾವಾಗ ವಾಪಸ್ಸು ಎಂಬ ಒಂದು ಮಾಹಿತಿಯೂ ಕೈ ಬದಲಾಗಿಲ್ಲ. ಇಬ್ಬರಿಗೂ ತೃಪ್ತಿ.

ಬ್ರೋನಿಸ್ಲಾವ್ ಮಾಲಿನೋವ್‌ಸ್ಕಿ ಎಂಬ ಪೋಲೆಂಡಿನ ಮಾನವಶಾಸ್ತ್ರಜ್ಞ ಇದರ ಬಗ್ಗೆ 1923ರಲ್ಲೇ ಬರೆದಿಟ್ಟಿದ್ದಾನೆ. ಪೆಸಿಫಿಕ್ ಸಾಗರದ ಟ್ರೋಬ್ರಿಯಾಂಡ್ ದ್ವೀಪಗಳ ಜನರ ನಡುವೆ ಬಹುಕಾಲ ಇದ್ದು ಬಂದವನು ಅವನು. ಮಳೆ, ಬಿಸಿಲು, ಆರೋಗ್ಯ, ಕಣ್ಣೆದುರಿಗೇ ಕಾಣುತ್ತಿರುವ ಸಂಗತಿ ಇವನ್ನೆಲ್ಲ ಮನುಷ್ಯ ಆಡುವುದು ವಿಷಯ ತಿಳಿಸಲಿಕ್ಕಲ್ಲ, ನಾವು ಒಟ್ಟಿಗಿದ್ದೇವೆ ಎಂದು ಖಾತ್ರಿಪಡಿಸಲಿಕ್ಕೆ. ಬಾಯಿಮುಚ್ಚಿ ನಿಂತ ಅಪರಿಚಿತನೆಂದರೆ ಎಲ್ಲ ಕಡೆಯ ಜನರಿಗೂ ದಿಗಿಲು ಎನ್ನುವುದು ಅವನ ವಾದ. ಆಮೇಲೆ 1996ರಲ್ಲಿ ರಾಬಿನ್ ಡನ್‌ಬಾರ್ ಇನ್ನೂ ಹಿಂದಕ್ಕೆ ಹೋದ. ಮಂಗಗಳು ಒಂದರ ಮೈ ಒಂದು ಹೆಕ್ಕುತ್ತ ಸ್ನೇಹ ಉಳಿಸಿಕೊಳ್ಳುತ್ತವೆ. ಮನುಷ್ಯರ ಗುಂಪು ದೊಡ್ಡದಾಗಿ ಎಲ್ಲರ ಮೈ ಹೆಕ್ಕಲು ಪುರುಸೊತ್ತು ಸಾಲದಾದಾಗ ಆ ಜಾಗಕ್ಕೆ ಹರಟೆ ಬಂತು ಎಂದ. ನಮ್ಮ ಅಜ್ಜಿಯಂದಿರಿಗೆ ಈ ಎರಡರಲ್ಲಿ ಒಂದನ್ನು ಬಿಡುವ ಪ್ರಮೇಯ ಬಂದಿರಲಿಲ್ಲ. ಮಧ್ಯಾಹ್ನ ಜಗಲಿಯ ಮೇಲೆ ಒಬ್ಬರ ಹಿಂದೆ ಒಬ್ಬರು ಕೂತು ಹೇನೂ ನೋಡುತ್ತಿದ್ದರು, ಊರನ್ನೂ ನೋಡುತ್ತಿದ್ದರು.

ಇಂಥ ಮಾತಿನಲ್ಲಿ ಮನಸ್ಸಿನ ಕಷ್ಟ ತಾನಾಗಿ ಬಾಯಿಬಿಡುವುದಿಲ್ಲ. ಬಿಟ್ಟರೂ ಹೊಟ್ಟೆಯ ಹೆಸರಿನಲ್ಲಿ ಬಿಡುತ್ತದೆ. ನಮ್ಮಲ್ಲಿ 'ಗ್ಯಾಸ್ಟ್ರಿಕ್' ಎಂಬ ಕಾಯಿಲೆಯ ಎಲ್ಲೆ ಎಲ್ಲಿಯವರೆಗಿದೆ ಎಂದು ಯಾವ ವೈದ್ಯರೂ ಅಳೆದಂತಿಲ್ಲ. ಮಗ ಕೆನಡಾದಿಂದ ಫೋನ್ ಮಾಡುವುದು ಕಡಿಮೆ ಮಾಡಿದ, ಗ್ಯಾಸ್ಟ್ರಿಕ್. ಸೈಟಿನ ಕೇಸು ಮತ್ತೆ ಮುಂದಕ್ಕೆ ಹೋಯಿತು, ಗ್ಯಾಸ್ಟ್ರಿಕ್. ರಿಟೈರಾಗಿ ಮನೆಯಲ್ಲಿ ಕೂತ ಮೇಲೆ ಪೇಪರು ಓದಿ ಮುಗಿಯುವುದು ಎಂಟು ಗಂಟೆಗೆ, ಉಳಿದ ದಿನಕ್ಕೆಲ್ಲ ಗ್ಯಾಸ್ಟ್ರಿಕ್. ಇದಕ್ಕೆ ಬಗ್ಗದ್ದಕ್ಕೆ ತಲೆಭಾರ, ಕೈಕಾಲು ಜೋಮು, ಎದೆಯಲ್ಲಿ ಡವಡವ. ಜೀರಿಗೆ ಕಷಾಯ ಕುಡಿದು ಮಗನ ಫೋನಿಗೆ ಕಾಯುವವರು ಎಷ್ಟು ಜನವೋ.

ನಮ್ಮ ಬಡಾವಣೆಯ ಹಿಟ್ಟಿನ ಗಿರಣಿಯಲ್ಲಿ ಒಮ್ಮೆ ಹೀಗಾಯಿತು. ಅಲ್ಲಿ ಮಾತಾಡಬೇಕಾದರೆ ಕೂಗಬೇಕು. ಮಷೀನಿನ ಸದ್ದಿಗೆ ಗೋಡೆಯ ಮೇಲಿನ ದೇವರ ಪಟವೇ ಅಲುಗಾಡುತ್ತಿರುತ್ತದೆ. ಗೋಧಿ ಡಬ್ಬದವರೊಬ್ಬರು ರಾಗಿ ಚೀಲದವರ ಕಿವಿಗೆ ಬಾಯಿಟ್ಟು ಏನೋ ಹೇಳುತ್ತಿದ್ದರು. ಸೊಸೆಯ ವಿಷಯವಿರಬೇಕು ಎಂದು ನಾವೆಲ್ಲ ಕಷ್ಟಪಟ್ಟು ಬೇರೆ ಕಡೆ ನೋಡುತ್ತಿದ್ದೆವು. ಅಷ್ಟರಲ್ಲಿ ಬೆಲ್ಟು ಕಳಚಿ ಮಷೀನು ಗಕ್ಕನೆ ನಿಂತಿತು. ಆ ಮೌನದಲ್ಲಿ ಆಕೆಯ ಕೂಗು ಮಾತ್ರ ಉಳಿಯಿತು. "ಸುಮ್ಮಸುಮ್ಮನೆ ಅಳು ಬರತ್ತೆ ಕಣ್ರೀ!"

ಯಾರೂ ಮಿಸುಕಲಿಲ್ಲ. ಹುಬ್ಬು, ಮೀಸೆಯೆಲ್ಲ ಹಿಟ್ಟು ಮೆತ್ತಿಕೊಂಡಿದ್ದ ಗಿರಣಿ ಹುಡುಗ ಆಕೆಯನ್ನೂ ಬೆಲ್ಟನ್ನೂ ಒಂದು ಸಲ ನೋಡಿ, "ಗೋಧಿ ನುಣ್ಣಗೆ ಬೇಕಾಮ್ಮಾ?" ಎಂದು ಕೇಳಿದ. ಅವನಿಗೆ ಹೊಳೆದ ಸಹಾನುಭೂತಿ ಅದು. ಆಗ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ, ಇಬ್ಬರಿಗೂ ಪರಿಚಯವಿಲ್ಲದ ಮೂರನೆಯ ಹೆಂಗಸು ಬಾಯಿ ಹಾಕಿದರು. "ನಂಗೂ ಹಂಗೇ ಆಗ್ತಿತ್ತಮ್ಮ, ಮುಟ್ಟು ನಿಲ್ಲೋ ಟೈಮಲ್ಲಿ. ಎರಡು ವರ್ಷ. ಈರುಳ್ಳಿ ಹೆಚ್ಚೋವಾಗ ಅತ್ರೆ ಯಾರಿಗೂ ಗೊತ್ತಾಗಲ್ಲ ಅಂತ ದಿನಾ ಹುಳಿಗೆ ಈರುಳ್ಳಿನೇ. ಮನೆಯವರಿಗೆ ಇವತ್ತಿಗೂ ಗೊತ್ತಿಲ್ಲ." ಮಷೀನು ಮತ್ತೆ ಶುರುವಾಗುವಷ್ಟರಲ್ಲಿ ಮೂವರೂ ನಗುತ್ತಿದ್ದರು. ಗಂಡಸರಾದ ನಾವು ಅಳತೆಯ ಬೋರ್ಡು ಓದುತ್ತ ನಿಂತೆವು.

ಕರೆಂಟು ಹೋದಾಗ ನಾವು ಮೊದಲು ಮಾಡುವ ಕೆಲಸವೇನು? ಮೇಣದ ಬತ್ತಿ ಹುಡುಕುವುದಲ್ಲ, ಕಿಟಕಿಗೆ ಹೋಗಿ ಪಕ್ಕದ ಮನೆ ನೋಡುವುದು. ಅಲ್ಲೂ ಕತ್ತಲೆಯಾಗಿದ್ದರೆ "ಸದ್ಯ, ಎಲ್ಲರದ್ದೂ ಹೋಗಿದೆ" ಎಂದು ಹಾಯಾಗಿ ಕೂರುತ್ತೇವೆ. ಅವರ ಮನೆಯಲ್ಲಿ ದೀಪ ಉರಿಯುತ್ತಿದ್ದರೆ ಮಾತ್ರ ಎದೆ ಧಸಕ್ಕೆನ್ನುತ್ತದೆ. ತೊಂದರೆ ನಮ್ಮ ಫ್ಯೂಸಿನದ್ದು! ಆ ಮೂರನೆಯ ಹೆಂಗಸು ಕಿಟಕಿಗೆ ಬಂದು ನಮ್ಮದೂ ಹೋಗಿತ್ತು ಎಂದರು, ಅಷ್ಟೆ. ರಿಪೇರಿ ಏನೂ ಮಾಡಲಿಲ್ಲ.

ಜಿಂಬಾಬ್ವೆಯ ಹರಾರೆ ನಗರದಲ್ಲಿ ಇದನ್ನೇ ಒಂದು ಚಿಕಿತ್ಸೆಯನ್ನಾಗಿ ಮಾಡಿದ್ದಾರೆ. ಡಿಕ್ಸನ್ ಚಿಬಾಂಡಾ ಎಂಬ ಮನೋವೈದ್ಯರು, ದೇಶಕ್ಕೆಲ್ಲ ತಮ್ಮಂಥವರು ಬೆರಳೆಣಿಕೆಯಷ್ಟು ಜನ ಇರುವಾಗ ಇನ್ನೇನು ಮಾಡುವುದೆಂದು, 2006ರಲ್ಲಿ ಅಲ್ಲಿನ ಅಜ್ಜಿಯರಿಗೇ ತರಬೇತಿ ಕೊಟ್ಟು ಕ್ಲಿನಿಕ್ಕಿನ ಹೊರಗೆ ಮರದ ಬೆಂಚಿನ ಮೇಲೆ ಕೂರಿಸಿದರು. ಯೋಚನೆ ಜಾಸ್ತಿಯಾಗಿದೆ ಎಂದು ಬರುವವರು ಅಜ್ಜಿಯ ಪಕ್ಕ ಕೂತು ಮಾತಾಡಬೇಕು. ಹತ್ತು ವರ್ಷದ ಮೇಲೆ, 2016ರಲ್ಲಿ, ಅಮೆರಿಕದ ದೊಡ್ಡ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಇದರ ಪರೀಕ್ಷೆಯ ಫಲ ಪ್ರಕಟವಾಯಿತು. ಬೆಂಚಿನ ಮೇಲೆ ಕೂತವರು ಮಾಮೂಲು ಚಿಕಿತ್ಸೆ ಪಡೆದವರಿಗಿಂತ ಚೆನ್ನಾಗಿ ಸುಧಾರಿಸಿದ್ದರು. ನಮ್ಮೂರುಗಳಲ್ಲಿ ಅಜ್ಜಿಯರಿಗೆ ಕೊರತೆಯಿಲ್ಲ. ಜಗಲಿಗಳನ್ನು ಮಾತ್ರ ಒಡೆದು ಕಾರ್ ಪಾರ್ಕಿಂಗ್ ಮಾಡಿದ್ದೇವೆ.

ಕನ್ನಡದಲ್ಲಿ ಈ ಮಾತೆತ್ತಿದರೆ ಡಾ. ಎಂ. ಶಿವರಾಂ ಅವರನ್ನು ಬಿಟ್ಟು ಹೋಗಲಾಗದು. 'ರಾಶಿ' ಎಂದರೆ ಎಲ್ಲರಿಗೂ ಗೊತ್ತು. 1942ರಲ್ಲಿ 'ಕೊರವಂಜಿ' ಪತ್ರಿಕೆ ಶುರುಮಾಡಿ ಕನ್ನಡಿಗರನ್ನು ತಿಂಗಳಿಗೊಮ್ಮೆ ನಗಿಸಿದವರು, ವೃತ್ತಿಯಲ್ಲಿ ವೈದ್ಯರು. ಇಷ್ಟೆಲ್ಲ ನಗಿಸಿದವರಿಗೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ನಗೆಬರಹಕ್ಕಲ್ಲ, ಮನಸ್ಸಿನ ರೋಗಗಳ ಕುರಿತ 'ಮನಮಂಥನ'ಕ್ಕೆ. ನನಗೆ ಇದರಲ್ಲಿ ಆಶ್ಚರ್ಯ ಕಾಣುವುದಿಲ್ಲ. ದಿನವಿಡೀ ಗ್ಯಾಸ್ಟ್ರಿಕ್ಕಿನವರ ನಾಡಿ ಹಿಡಿದು ಕೂತವರು ಒಂದೋ ಹಾಸ್ಯ ಬರೆಯಬೇಕು, ಇಲ್ಲವೇ ಮನಃಶಾಸ್ತ್ರ ಬರೆಯಬೇಕು. ಅವರು ಎರಡನ್ನೂ ಬರೆದರು.

ಈಗ ನಮ್ಮ ಮೇಷ್ಟ್ರ ವಿಷಯಕ್ಕೆ ಬರುತ್ತೇನೆ. ಬೀದಿಯ ಕೊನೆಯ ಮನೆಯವರು, ಹೈಸ್ಕೂಲಿನಲ್ಲಿ ಸಮಾಜ ವಿಷಯ ಪಾಠ ಮಾಡಿ ನಿವೃತ್ತರಾದವರು. ಪಾಠ ಮಾತ್ರ ನಿವೃತ್ತಿಯಾಗಿಲ್ಲ. ಅವರ ಮಾತು ಶುರುವಾಗುವುದೇ "ಗೊತ್ತೇನ್ರೀ ನಿಮಗೆ?" ಎಂದು. ಓಟು ಹಾಕಿ ಬಂದು ಬೆರಳು ತೋರಿಸಿದರೆ ಸಾಕು. "ಆ ಶಾಯಿ ನಮ್ಮೂರಲ್ಲೇ ಆಗೋದು, ಗೊತ್ತೇನ್ರೀ? 1937ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ಫ್ಯಾಕ್ಟರಿ. 1962ರ ಚುನಾವಣೆಯಿಂದ ಇಡೀ ದೇಶದ ಬೆರಳಿಗೆ ನಮ್ಮದೇ ಶಾಯಿ. ಸಿಲ್ವರ್ ನೈಟ್ರೇಟ್! ಬೆಳಕು ತಾಗಿದ್ರೆ ಕಪ್ಪಾಗತ್ತೆ, ಉಜ್ಜಿದ್ರೂ ಹೋಗಲ್ಲ." ಮೆದುಳಿನ ಮೇಲೆ ಅವರಿಗೆ ವಿಶೇಷ ಸಿಟ್ಟು. "ಸುಮಾರು 1.4 ಕೆ.ಜಿ. ತೂಕ ಕಣ್ರೀ, ಮೈತೂಕದಲ್ಲಿ ನೂರಕ್ಕೆ ಎರಡು ಪಾಲು. ತಿನ್ನೋದು ಮಾತ್ರ ಐದರಲ್ಲಿ ಒಂದು ಪಾಲು. ಕೂತಲ್ಲಿಂದ ಏಳಲ್ಲ. ಪಕ್ಕಾ ಹೆಡ್ಡಾಫೀಸು!"

ಇಂಥ ಚೂರುಪಾರು ಜ್ಞಾನವನ್ನು ಹೀಗಳೆಯುವವರಿದ್ದಾರೆ. ನಾನು ಆ ಪಕ್ಷದವನಲ್ಲ. ಅಭಿಪ್ರಾಯ ಹೇಳಿದರೆ ಜಗಳ ಬರುತ್ತದೆ, ಸುದ್ದಿ ಹೇಳಿದರೆ ರಾಜಕೀಯ ಬರುತ್ತದೆ, ಸಂಸಾರದ ಮಾತೆತ್ತಿದರೆ ಅದು ಸಾಯಂಕಾಲಕ್ಕೆ ಸಂಬಂಧಪಟ್ಟವರ ಕಿವಿ ಮುಟ್ಟುತ್ತದೆ. ಆಕ್ಟೋಪಸ್ಸಿಗೆ ಮೂರು ಹೃದಯ ಎಂದರೆ ಯಾರಿಗೂ ನೋವಾಗುವುದಿಲ್ಲ. ನಮ್ಮವರ ಒಂದು ದೌರ್ಬಲ್ಯ ಮಾತ್ರ ಒಪ್ಪಬೇಕು. ಪ್ರತಿ ಊರಿನಲ್ಲೂ 'ಏಷ್ಯಾದಲ್ಲೇ' ಎಂದು ಶುರುವಾಗುವ ಏನಾದರೊಂದು ಇರಲೇಬೇಕು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಏಷ್ಯಾದಲ್ಲೇ ಎರಡನೆಯ ದೊಡ್ಡ ಕೆರೆ ಎಂದು ಚಿಕ್ಕಂದಿನಿಂದ ಕೇಳುತ್ತಿದ್ದೇವೆ. ಮೊದಲನೆಯದು ಎಲ್ಲಿದೆ ಎಂದು ಕೇಳುವ ಅಧಿಕಪ್ರಸಂಗಿ ನಮ್ಮ ತರಗತಿಯಲ್ಲಿ ಇರಲಿಲ್ಲ.

ಮೇಷ್ಟ್ರ ಹೆಂಡತಿ ತೀರಿಕೊಂಡಾಗ ಬೀದಿಯವರೆಲ್ಲ ಹೋಗಿ ಕೂತೆವು. ಅಂಥ ಕಡೆ ಏನು ಮಾತಾಡುವುದೆಂದು ಯಾರಿಗೂ ತಿಳಿಯುವುದಿಲ್ಲ. ಎಷ್ಟು ಹೊತ್ತಿಗೆ ಹೋಯಿತು, ಯಾವ ಆಸ್ಪತ್ರೆ ಎಂಬುದು ಮುಗಿದ ಮೇಲೆ ಫ್ಯಾನು ತಿರುಗುವುದನ್ನೇ ನೋಡಬೇಕು. ಮೇಷ್ಟ್ರೇ ನಮ್ಮ ನೆರವಿಗೆ ಬಂದರು. "ಗೊತ್ತೇನ್ರೀ, ಆ ಆಕ್ಟೋಪಸ್ಸಿಗೆ ಮೂರು ಹೃದಯ ಅಂತ ಹೇಳ್ತಿರ್ತೀನಲ್ಲ. ಈಜುವಾಗ ಅದರಲ್ಲಿ ಒಂದು ನಿಂತುಬಿಡತ್ತಂತೆ. ಅದಕ್ಕೇ ಪಾಪ, ಈಜೋದಕ್ಕಿಂತ ತೆವಳೋದೇ ಅದಕ್ಕೆ ವಾಸಿ." ಹೌದೇ, ಹೌದೇ ಎಂದು ನಾವೆಲ್ಲ ತಲೆಯಾಡಿಸಿದೆವು. ಊರಿಂದ ಬಂದಿದ್ದ ಅವರ ನಾದಿನಿಯೊಬ್ಬರಿಗೆ ಇದು ತೀರಾ ಅತಿಯಾಯಿತು ಎನಿಸಿರಬೇಕು, ಎದ್ದು ಒಳಗೆ ಹೋದರು.

ಹೊರಡುವ ಮಾತು ಬಂದಾಗ ನಮ್ಮ ಪದ್ಧತಿ ಗೊತ್ತೇ ಇದೆ. ಕೂತಲ್ಲಿಂದಲೇ ಒಂದು ಸಲ "ಬರ್ತೀನಿ" ಎನ್ನಬೇಕು. ಅದು ಸೂಚನೆ, ಯಾರೂ ಗಂಭೀರವಾಗಿ ತೆಗೆದುಕೊಳ್ಳಬಾರದು. ಎದ್ದು ನಿಂತು ಇನ್ನೊಂದು ಸಲ. ಹೆಂಗಸರಿದ್ದರೆ ಕುಂಕುಮ, ಕುಂಕುಮ ಕೊಟ್ಟ ಮೇಲೆ ಹೊಸ ರವಿಕೆಯ ಕೈ ಅಳತೆಯ ಚರ್ಚೆ. ಹೊಸಿಲಲ್ಲಿ ಮತ್ತೊಂದು ಸಲ. ಆಮೇಲೆ ಚಪ್ಪಲಿ, ಅದರಲ್ಲೂ ಜೋಡಿಯ ಒಂದು ಯಾವಾಗಲೂ ಬೇರೆಯವರ ಚಪ್ಪಲಿಯ ಕೆಳಗೇ ಇರುತ್ತದೆ. ಆಮೇಲೆ ಗೇಟು. ಒಳಗೆ ಸೋಫಾದ ಮೇಲೆ ಒಂದು ಗಂಟೆ ಮಳೆ, ಬೆಳೆ, ಬಂಗಾರದ ರೇಟು ಮಾತಾಡಿದವರು ಬಂದ ವಿಷಯ ಎತ್ತುವುದು ಇಲ್ಲಿ. ಒಂದು ಕಾಲಿಗೆ ಚಪ್ಪಲಿ ಸಿಕ್ಕಿಸಿ, ಇನ್ನೊಂದನ್ನು ಹೆಬ್ಬೆರಳಲ್ಲಿ ತಡವುತ್ತ, ನೆಲ ನೋಡಿಕೊಂಡು, "ಅಂದ ಹಾಗೆ, ನಮ್ಮ ಮಗಳು ಬಂದು ಒಂದು ತಿಂಗಳಾಯ್ತು. ಅವರ ಮನೆಯವರು ಇನ್ನೂ ಫೋನ್ ಮಾಡಿಲ್ಲ" ಎನ್ನುತ್ತಾರೆ. ಆ 'ಅಂದ ಹಾಗೆ'ಗೆ ಪೀಠಿಕೆಯಾಗಿಯೇ ಒಂದು ಗಂಟೆಯ ಬಂಗಾರದ ರೇಟು ಬೇಕಾಗಿತ್ತು. ಡಾಕ್ಟರುಗಳಿಗೂ ಇದು ಅನುಭವದಿಂದ ಗೊತ್ತು. ಚೀಟಿ ಬರೆಸಿಕೊಂಡು, ಫೀಸು ಕೊಟ್ಟು, ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟ ರೋಗಿ ತಿರುಗಿ ನೋಡಿ "ಇನ್ನೊಂದು ವಿಷ್ಯ ಡಾಕ್ಟ್ರೇ" ಎಂದರೆ ಕಾಯಿಲೆ ಅಲ್ಲಿದೆ. ಎದುರುಬದುರು ಕೂತು ಕಣ್ಣಲ್ಲಿ ಕಣ್ಣಿಟ್ಟು ಇಂಥದ್ದನ್ನು ಹೇಳಲು ನಮಗಾಗುವುದಿಲ್ಲ. ಕಣ್ಣಿಗೆ ಚಪ್ಪಲಿ ಹುಡುಕುವ ಕೆಲಸವಿರಬೇಕು, ಕಾಲಿಗೆ ಓಡಿಹೋಗುವ ದಾರಿ ತೆರೆದಿರಬೇಕು.

ಮೇಷ್ಟ್ರ ಮನೆಯಲ್ಲಿ ಇದು ತಿರುಗುಮುರುಗಾಯಿತು. ಚಪ್ಪಲಿ ಹಾಕುತ್ತಿದ್ದವನು ನಾನು, ಮಾತು ಅವರದು. ವೈಕುಂಠ ಸಮಾರಾಧನೆಯೆಲ್ಲ ಮುಗಿದು ನೆಂಟರು ಹೊರಟುಹೋಗಿದ್ದ ಒಂದು ಸಂಜೆ. ಗೇಟಿನ ತನಕ ಬಂದು ಚಿಲಕ ಹಿಡಿದು ನಿಂತರು. "ರಾತ್ರಿ ರೇಡಿಯೋ ಆಫ್ ಮಾಡೋಕೆ ಭಯ ಆಗತ್ತೆ ಕಣ್ರೀ. ಸ್ಟೇಷನ್ ಮುಚ್ಚಿದ ಮೇಲೆ ಬರೀ ಗೊರ್ ಅಂತಿರತ್ತೆ. ಆದ್ರೂ ಇರಲಿ ಅಂತ ಬಿಟ್ಟಿರ್ತೀನಿ." ಇಷ್ಟು ಹೇಳಿ ಉಸಿರು ತೆಗೆದುಕೊಳ್ಳದೆ ಮುಂದುವರಿಸಿದರು. "ಈ ಆಕಾಶವಾಣಿ ಶುರುಮಾಡಿದ್ದು ಯಾರು ಗೊತ್ತೇನು? ಎಂ.ವಿ. ಗೋಪಾಲಸ್ವಾಮಿ. 1935ರಲ್ಲಿ, ಇಲ್ಲೇ ಮೈಸೂರಲ್ಲಿ, ಸ್ವಂತ ಮನೆಯಲ್ಲಿ. ಏನು ಪಾಠ ಮಾಡ್ತಿದ್ರು ಹೇಳಿ? ಎಂಜಿನಿಯರಿಂಗ್ ಅಲ್ಲ. ಮಹಾರಾಜಾ ಕಾಲೇಜಲ್ಲಿ ಸೈಕಾಲಜಿ!"

ಆಗ ಏನು ಉತ್ತರಿಸಬೇಕಿತ್ತು? ಧೈರ್ಯ ಹೇಳಬಹುದಿತ್ತು. ಅವರು ಅದಕ್ಕೆ ಜಾಗ ಬಿಟ್ಟಿರಲಿಲ್ಲ. ನಾನು ಟ್ರಾನ್ಸ್‌ಮೀಟರ್ ಎಷ್ಟು ದೊಡ್ಡದಿತ್ತು ಎಂದು ಕೇಳಿದೆ. 30 ವಾಟ್ ಎಂದರು. ಈಗಿನ ಟ್ಯೂಬ್‌ಲೈಟಿಗಿಂತ ಕಡಿಮೆಯಲ್ಲ ಎಂದೆ. ಅಷ್ಟರಲ್ಲೇ ಊರಿಗೆಲ್ಲ ಕೇಳಿಸ್ತಿದ್ರು ಎಂದರು. ಹೀಗೇ ಸೊಳ್ಳೆ ಕಚ್ಚಿಸಿಕೊಳ್ಳುತ್ತ ಗೋಪಾಲಸ್ವಾಮಿಯವರ ಮನೆಯಲ್ಲಿ ಬಹಳ ಹೊತ್ತು ಇದ್ದೆವು. ಮನಸ್ಸು ಓದುವ ಮನುಷ್ಯ ಯಾಕೆ ರೇಡಿಯೋ ಕಟ್ಟಿದ ಎಂಬ ಪ್ರಶ್ನೆಯನ್ನು ಮೇಷ್ಟ್ರು ನನಗೆ ಹೋಂವರ್ಕ್ ಕೊಟ್ಟು ಕಳಿಸಿದರು.

ವಿಷಯ ಬೀದಿಗೆ ತಿಳಿದದ್ದೇ ತಡ, ಔಷಧಿಗಳ ಮಳೆಯಾಯಿತು. ನಮ್ಮಲ್ಲಿ ಹಲ್ಲುನೋವಿಗೆ ದಂತವೈದ್ಯರಿದ್ದಾರೆ, ಮನಸ್ಸಿಗೆ ಮಾತ್ರ ಎಲ್ಲರೂ ತಜ್ಞರು. ಒಬ್ಬರು ಪ್ರಾಣಾಯಾಮ ಎಂದರು, ಒಬ್ಬರು ರಾತ್ರಿ ನೆನೆಸಿದ ಬಾದಾಮಿ ಎಂದರು, ಹಾಗಲಕಾಯಿ ರಸ ಸಕ್ಕರೆ ಕಾಯಿಲೆಗೂ ಆಗುತ್ತದೆ ದುಃಖಕ್ಕೂ ಆಗುತ್ತದೆ ಎಂಬುದು ಇನ್ನೊಬ್ಬರ ಅನುಭವ. ಇವೆಲ್ಲದರ ಮೇಲೆ "ತಲೆ ಕೆಡಿಸ್ಕೋಬೇಡಿ" ಎಂಬ ಸರ್ವರೋಗ ನಿವಾರಣಿ. ಈ ಸಲಹೆಗಳಿಂದ ಹೆಚ್ಚಿನ ಕೆಡುಕಿಲ್ಲ, ಬಾದಾಮಿ ಹೇಗೂ ರುಚಿಯಾಗಿರುತ್ತದೆ. ಒಂದೇ ಒಂದನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ: ಮದುವೆ ಮಾಡಿಬಿಡಿ, ಎಲ್ಲ ಸರಿಹೋಗುತ್ತದೆ ಎಂಬುದು. ಕಾಯಿಲೆ ಮುಚ್ಚಿಟ್ಟು ಮಾಡಿದ ಇಂಥ ಮದುವೆಗಳಲ್ಲಿ ಎರಡು ಮನೆ ಕೆಟ್ಟದ್ದನ್ನು ನೋಡದ ಬೀದಿ ಕರ್ನಾಟಕದಲ್ಲಿ ಇದೆಯೋ ಇಲ್ಲವೋ.

ಡಾಕ್ಟರ ಹತ್ತಿರ ಹೋಗಿ ಎನ್ನುವವರು ಕಡಿಮೆ. ಅದಕ್ಕೆ ಕಾರಣವೂ ನಮ್ಮ ಮಾತೇ. ಬೆಂಗಳೂರಿನಲ್ಲಿ ಯಾರಾದರೂ ಎಡವಟ್ಟು ಮಾತಾಡಿದರೆ "ನಿಮ್ಹಾನ್ಸ್‌ಗೆ ಬಸ್ ಹತ್ತಿಸ್ಲಾ?" ಎನ್ನುತ್ತೇವೆ. ಧಾರವಾಡದ ಮಾನಸಿಕ ಆಸ್ಪತ್ರೆ 1845ರಿಂದ ಇದೆ. ಹಾಗಾಗಿ ಆ ಕಡೆಯವರಿಗೆ ಈ ತಮಾಷೆಯಲ್ಲಿ ನಮಗಿಂತ ಹಿರಿತನ. ಪೇಢಾ ತರಲಿಕ್ಕೆ ಧಾರವಾಡಕ್ಕೆ ಹೊರಟವನನ್ನೂ ಗೆಳೆಯರು ಬಿಡುವುದಿಲ್ಲ. ನಿಮ್ಹಾನ್ಸ್ ಈ ಹೆಸರಿನಲ್ಲಿ ನಿಂತದ್ದು 1974ರಲ್ಲಿ, ಹಳೆಯ ಮಾನಸಿಕ ಆಸ್ಪತ್ರೆಯನ್ನೂ 1954ರ ಅಖಿಲ ಭಾರತ ಸಂಸ್ಥೆಯನ್ನೂ ಕೂಡಿಸಿ. ಅಲ್ಲಿ ಮೆದುಳಿನ ಮ್ಯೂಸಿಯಂ ಇದೆ. ಹೋದವರು ನಿಜವಾದ ಮೆದುಳನ್ನು ಕೈಯಲ್ಲಿ ಹಿಡಿದು ನೋಡಬಹುದು. ಹಿಡಿದವರು ಯಾರೂ ಆಮೇಲೆ ಆ ಬಸ್ಸಿನ ತಮಾಷೆ ಮಾಡುವುದಿಲ್ಲವೆಂದು ನನ್ನ ಅಂದಾಜು. 2022ರ ಅಕ್ಟೋಬರ್‌ನಿಂದ 14416 ಎಂಬ ಸಹಾಯವಾಣಿಯ ನಂಬರೂ ಇದೆ. ಹಗಲು ರಾತ್ರಿ ಯಾವಾಗ ಮಾಡಿದರೂ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೇಳುವುದಿಲ್ಲ.

ಮೇಷ್ಟ್ರನ್ನು ಮಗಳು ಬಂದು ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದಳಂತೆ. ಅದನ್ನು ಅವರು ಹೇಳಿದ್ದು ಗೇಟಿನಲ್ಲಲ್ಲ, ಬೆಳಿಗ್ಗೆ ಆರೂವರೆಗೆ ನಂದಿನಿ ಬೂತಿನ ಮುಂದೆ, ಎಲ್ಲರೂ ಹಾಲಿನ ಪ್ಯಾಕೆಟ್ಟಿಗೆ ಕೈಚಾಚಿ ನಿಂತಿದ್ದಾಗ, ಪಾಠ ಮಾಡುವ ಗಂಟಲಿನಲ್ಲಿ. "ಡಿಪ್ರೆಶನ್ ಅಂತೆ ಕಣ್ರೀ. ಬೆಳಿಗ್ಗೆ ಒಂದು ಮಾತ್ರೆ. ಗೊತ್ತೇನು, ಅದು ಕೆಲಸ ಶುರು ಮಾಡೋಕೇ ಎರಡು ಮೂರು ವಾರ ಬೇಕಂತೆ. ಸರ್ಕಾರಿ ಫೈಲು!"

ನೀಲಿ ಪ್ಯಾಕೆಟ್ಟು, ಹಸಿರು ಪ್ಯಾಕೆಟ್ಟು ಎಂದು ಎಣಿಸುತ್ತಿದ್ದ ಬೂತಿನವರು ಕೈ ನಿಲ್ಲಿಸಿದರು. "ನಮ್ಮಣ್ಣನೂ ತಗೋತಾನೆ ಸಾರ್, ಆರು ವರ್ಷದಿಂದ. ಈಗ ಆರಾಮಾಗಿದಾನೆ. ನಮ್ಮ ಅತ್ತಿಗೆಗೆ ಬಿ.ಪಿ. ಮಾತ್ರೆ ಅಂತ ಹೇಳಿದೀವಿ." ಮೂಲೆ ಮನೆಯವರು ತಮ್ಮ ತಾಯಿಗೆ ಬಾಣಂತನದಲ್ಲಿ ಹೀಗಾಗಿದ್ದನ್ನು ತೆಗೆದರು. ವಾಕಿಂಗಿಗೆ ಹೊರಟಿದ್ದ ನಿವೃತ್ತ ಎಂಜಿನಿಯರು ಶೂ ಲೇಸು ಕಟ್ಟುವ ನೆಪದಲ್ಲಿ ಬಗ್ಗಿ, ಆ ಡಾಕ್ಟರು ಎಷ್ಟು ಹೊತ್ತಿಗೆ ಸಿಗುತ್ತಾರೆ ಎಂದು ಕೇಳಿದರು. ಆವತ್ತು ಬೀದಿಯ ಅರ್ಧ ಮನೆಗಳಿಗೆ ಕಾಫಿ ತಡವಾಯಿತು. ಬೂತಿನವರ ಅಣ್ಣನ ಮಾತ್ರೆಯ ವಿಷಯ ಈಗ ಅವರ ಅತ್ತಿಗೆ ಒಬ್ಬರನ್ನು ಬಿಟ್ಟು ಇಡೀ ಬಡಾವಣೆಗೆ ಗೊತ್ತಿದೆ.

ಅನುಕಂಪ ತಮ್ಮ ಕಡೆಗೆ ಅತಿಯಾಗಿ ಹರಿಯತೊಡಗಿದ್ದು ಮೇಷ್ಟ್ರಿಗೆ ಸರಿಬರಲಿಲ್ಲ. ಪಕ್ಕದಲ್ಲಿ ಆಟೋ ನಿಲ್ಲಿಸಿಕೊಂಡು ಹಾಲಿಗೆ ಕಾಯುತ್ತಿದ್ದವರತ್ತ ತಿರುಗಿ, "ನೀವು ಯಾವ ಕಡೆಯವರು?" ಎಂದರು. ಚನ್ನಗಿರಿ ಎಂದು ಉತ್ತರ ಬಂತು. ಮೇಷ್ಟ್ರ ಮುಖ ಅರಳಿತು. "ಸೂಳೆಕೆರೆ! ಏಷ್ಯಾದಲ್ಲೇ ಎರಡನೇ ದೊಡ್ಡ ಕೆರೆ, ಗೊತ್ತೇನ್ರೀ?"

"ಎರಡನೇದು ಅಂತ ಯಾರ್ ಸಾರ್ ನಿಮಗೆ ಹೇಳಿದ್ದು?" ಎಂದು ಆಟೋದವರು ಎಂಜಿನ್ ಆಫ್ ಮಾಡಿ ಕೆಳಗಿಳಿದರು.